ನಾಲ್ಕನೇ ಪ್ಯಾರಾ

ಕಾರವಾರದ ಕೋರ್ಟಿನೆದುರು, ಜೆರಾಕ್ಸ್ ಅಂಗಡಿಯ ಬಗಲಲ್ಲಿ
ಮೂವತ್ತೊಂದು ವರ್ಷದಿಂದ ಕೂತಿದ್ದೇನೆ.
ಮೊದಲು ಟೈಪ್‌ರೈಟರು, ಈಗ ಕೀಲಿ ಸವೆದ ಕಂಪ್ಯೂಟರು.
ಶಿಕ್ಷೆ ಎಂದು ಹೊಡೆದರೆ ಶಶಿಕ್ಷೆ ಬೀಳುತ್ತದೆ.
ಅಳಿಸಿ, ಮತ್ತೆ ಹೊಡೆಯುತ್ತೇನೆ.

ಬೀರಮ್ಮ ಬಂದದ್ದು ಸೋಮವಾರ, ಕೇಣಿಯಿಂದ, ಮೊದಲ ಬಸ್ಸಿಗೆ.
ಬುಟ್ಟಿ ಹೊರಗಿಟ್ಟು, ಸೆರಗಿಗೆ ಕೈಯೊರೆಸಿ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ತೆಗೆದಳು.
ಕಾಗದಕ್ಕೆ ಬಾಂಗಡೆಯ ವಾಸನೆ, ಸರಕಾರದ ಸೀಲು.
"ಇಲ್ಲ ಅಂದದ್ದು ಗೊತ್ತುಂಟು ಮಾರಾಯಾ,
ಎಂತಕ್ಕೆ ಇಲ್ಲ ಅಂದದ್ದು, ಅದನ್ನ ಓದು."

ಓದಿದೆ.
ಜಟ್ಟಿ ಬಿನ್ ಹಮ್ಮಣ್ಣ ಹರಿಕಂತ್ರ. ಕೊಲೆ. ಜೀವಾವಧಿ.
ಹಿಂಡಲಗಾದಲ್ಲಿ ಹದಿನೇಳು ವರ್ಷ ನಾಲ್ಕು ತಿಂಗಳು.
ನಡತೆ: ಉತ್ತಮ. ಕೆಲಸ: ಬೇಕರಿ.
ಬಲೆ ಹೆಣೆಯುವ ಕೈ ಬ್ರೆಡ್ಡು ಕೊಯ್ಯುತ್ತದೆ.
ಬಿಡುಗಡೆಗೆ ಶಿಫಾರಸು: ಇಲ್ಲ.
ಕಾರಣ, ನಾಲ್ಕನೇ ಪ್ಯಾರಾ:
"ಸದರಿ ಕೈದಿ ಬಸವಂತಪ್ಪನು ಊರಿಗೆ ಮರಳಿದಲ್ಲಿ
ಜಮೀನಿನ ತಕರಾರು ಮರುಕಳಿಸುವ ಸಂಭವವಿರುತ್ತದೆ."

ಬಸವಂತಪ್ಪ ಯಾರು?
ಬೀರಮ್ಮ ನನ್ನ ಮುಖ ನೋಡಿದಳು, ನಾನು ಹಾಳೆಯ ಬೆನ್ನು ನೋಡಿದೆ.
"ನಮ್ಗೆ ಜಮೀನು ಎಲ್ಲುಂಟು?
ಸಮುದ್ರದ ಮೇಲೆ ಗಡಿಕಲ್ಲು ನೆಡ್ತಾರಾ?"
ಯಾವುದೋ ಬಯಲುಸೀಮೆಯ ಹೊಲ, ಯಾರದೋ ಬದು
ನಕಲಾಗಿ ಬಂದು ಜಟ್ಟಿಯ ಹೆಗಲೇರಿ ಕೂತಿತ್ತು.
ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು.
ಇಷ್ಟು ಒಳ್ಳೆಯ ತಪ್ಪು ಸಿಗುವುದು ಅಪರೂಪ.
ಧಾರವಾಡದ ವಕೀಲರಿಗೆ ಫೋನು ಹಚ್ಚಿದೆ. ಅವರೂ ನಕ್ಕರು.
ಹೈಕೋರ್ಟಿಗೆ ಇದೊಂದೇ ಸಾಕು, ಉಳಿದದ್ದನ್ನು ನೀನೇ ಬರೆದು ಕಳಿಸು ಎಂದರು.

ಉಳಿದದ್ದು ಅಂದರೆ ಆ ರಾತ್ರಿ.
ಬಲೆ ಕೊಯ್ದ ಜಗಳ, ಬೇಲೆಕೇರಿ ಅಳಿವೆಯ ಬಾಯಿ, ಎರಡು ದೋಣಿ.
ಹುಟ್ಟಿನಿಂದ ಹೊಡೆದವ ದೊಡ್ಡಪ್ಪನ ಮಗ;
ಅವನು ಜೈಲಿನಲ್ಲೇ ಕಾಮಾಲೆಗೆ ಹೋದ.
ಜಟ್ಟಿ ಹಿಡಿದದ್ದು ದೋಣಿಗಳ ನಡುವಿನ ಹಗ್ಗ.
ಟೈಪಿಸಿದೆ: ಅರ್ಜಿದಾರನು ಹಗ್ಗವನ್ನಷ್ಟೇ

"ಅಷ್ಟೇ ತೆಗಿ," ಅಂದಳು.
ಬೆರಳು ನಿಂತಿತು.
"ಬಿಟ್ಟಿದ್ರೆ ದೇವೂನ ದೋಣಿ ಇಳಿತಕ್ಕೆ ತನ್ನಷ್ಟಕ್ಕೇ ಹೋಗ್ತಿತ್ತು.
ಅಂವ ಬಿಡ್ಲಿಲ್ಲ.
ಜಾಳಿಗೆಯಾಚೆ ನಿಲ್ಸಿ ಪ್ರತಿ ಸಲ ಕೇಳ್ದೆ, ಯಾಕೆ ಬಿಡ್ಲಿಲ್ವೋ ಅಂತ.
ಕೈ ಮರಗಟ್ಟಿತ್ತು ಅಕ್ಕಾ ಅಂತಾನೆ.
ಅದನ್ನೇ ಬರಿ."

ಯಾವ ಕಲಮಿನಡಿ ಬರೆಯಲಿ?
ಮೂವತ್ನಾಲ್ಕು ಹೇಳುವುದು ಸಮಾನ ಉದ್ದೇಶ.
ಮರಗಟ್ಟಿದ ಕೈಯೊಳಗೆ ಉದ್ದೇಶ ಎಷ್ಟು ತೊಲ,
ತೂಗುವ ತಕ್ಕಡಿ ಮೀನುಪೇಟೆಯಲ್ಲೂ ಇಲ್ಲ.

ಪೇಟೆಯ ಮಾತು ಬಂತಲ್ಲ, ಇದನ್ನೂ ಹೇಳಬೇಕು:
ಅಂಕೋಲೆಯಲ್ಲಿ ಬೀರಮ್ಮನ ಹಲಗೆಗೆ ತಾಗಿದ ಹಲಗೆ
ದೇವುವಿನ ತಾಯಿ ಸಣ್ಣಮ್ಮನದು.
ಹದಿನೇಳು ವರ್ಷ ಮಾತಿಲ್ಲ.
ಐಸಿನ ಗಡ್ಡೆ ಮಾತ್ರ ಇಬ್ಬರಿಗೂ ಒಂದೇ;
ಒಡೆಯುವಾಗ ಒಬ್ಬಳು ಹಿಡಿಯುತ್ತಾಳೆ, ಒಬ್ಬಳು ಹೊಡೆಯುತ್ತಾಳೆ.

ಪೊಲೀಸ್ ವರದಿಯ ಅಡಿಯಲ್ಲಿ ಅದೇ ಸಣ್ಣಮ್ಮನ ಹೆಬ್ಬೆಟ್ಟು:
ಬಿಡುಗಡೆಗೆ ಆಕ್ಷೇಪಣೆ ಇರುತ್ತದೆ.
ಖಾಲಿ ಹಾಳೆಗೆ ಒತ್ತಿಸಿಕೊಂಡಿರಬಹುದು, ಅದನ್ನೂ ಎತ್ತಬಹುದು ಎಂದೆ.
ಬೀರಮ್ಮ ಬುಟ್ಟಿಯ ಮೇಲಿನ ನೊಣ ಓಡಿಸಿದಳು.
"ಅವ್ಳದ್ದು ಸರಿ ಉಂಟು. ಅದಕ್ಕೆ ಉತ್ತರ ಬರಿಬೇಡ."

ಬರೆಯಲಿಲ್ಲ.
ಅಷ್ಟೇ ಎಂಬುದನ್ನು ತೆಗೆದೆ. ವಕೀಲರು ಮತ್ತೆ ಸೇರಿಸಿಯಾರು,
ಅದು ಅವರ ಕಸುಬು.
ಮರಗಟ್ಟಿದ ಕೈಯನ್ನು ಏಳನೇ ಪ್ಯಾರಾದಲ್ಲಿಟ್ಟೆ, ಅವಳು ಹೇಳಿದಂತೆಯೇ,
ಸದರಿ, ಮೇಲ್ಕಂಡ ಯಾವುದನ್ನೂ ಹಚ್ಚದೆ.

ಪ್ರಿಂಟು ಬಿಸಿಯಿರುವಾಗಲೇ ಮಡಚಿ ಪ್ಲಾಸ್ಟಿಕ್ಕಿಗೆ ಹಾಕಿಕೊಂಡಳು.
ನೂರಿಪ್ಪತ್ತು ರೂಪಾಯಿ, ಮೇಲೆ ನಾಲ್ಕು ಬಾಂಗಡೆ.
ಮೆಟ್ಟಿಲಿಳಿದವಳು ಮತ್ತೆ ಬಂದಳು.

"ಆ ಬಸವಂತಪ್ಪನ ಮನೆಯವ್ರಿಗೆ ಯಾರಾದ್ರೂ ಹೇಳಿದ್ರೇನ?
ಅವ್ನ ಕಾಗದದಲ್ಲಿ ನಮ್ಮ ಸಮುದ್ರ ಹೋಗಿ ಕೂತಿದ್ರೆ?"